ಪೋಷಕರ ಒಪ್ಪಿಗೆಯ ಚೌಕಕ್ಕೊಂದು ಬಿನ್ನಹ

ಮಕ್ಕಳ ಆನ್‌ಲೈನ್ ಆಟದ ಖಾತೆಯ ಬಾಗಿಲು ಕಾಯುವ, ‘ನಾನು ಪೋಷಕ, ನನ್ನ ಒಪ್ಪಿಗೆ ಇದೆ’ ಎಂಬ ಪುಟ್ಟ ಚೌಕದ ದಿವ್ಯ ಸನ್ನಿಧಿಗೆ ಲಂಡನ್ನಿನ ಹೌನ್ಸ್ಲೋ ವೆಸ್ಟಿನಿಂದ ಒಬ್ಬ ತಾಯಿಯ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಹೀತ್ರೋಗೆ ಇಳಿಯುವ ವಿಮಾನಗಳು ನೆತ್ತಿಯ ಮೇಲೇ ಹಾಯುವುದರಿಂದ, ಮಗನಿಗೆ ನನ್ನ ಕೂಗು ಕೇಳಿಸದಿರುವುದಕ್ಕೆ ವಿಮಾನ ಕಾರಣವೋ ತಮ್ಮ ಆಟ ಕಾರಣವೋ ಹೇಳುವುದು ಕಷ್ಟ.

ತಮ್ಮ ನಂಬಿಕೆಯ ಸ್ವಭಾವಕ್ಕೆ ಕೈ ಮುಗಿಯಬೇಕು. ಒಂಬತ್ತರ ಹುಡುಗ ತಾನು ಹುಟ್ಟಿದ್ದು 1984ರಲ್ಲಿ ಎಂದರೆ ‘ಬನ್ನಿ ಹಿರಿಯರೇ’ ಎಂದು ಬರಮಾಡಿಕೊಳ್ಳುತ್ತೀರಿ. ನಿಜ ಹೇಳಿದವನಿಗೆ ಮಾತ್ರ ಅಮ್ಮನ ಇಮೇಲ್ ತರುವ ಶಿಕ್ಷೆ. ಅದನ್ನೂ ಅವನೇ ಹುಟ್ಟುಹಾಕಿದರೆ ತಮಗೆ ಅಮ್ಮ ಸಿಕ್ಕಿದಳು, ಅವನಿಗೆ ಆಟ ಸಿಕ್ಕಿತು.

ಇಲ್ಲಿನ 2018ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಒಪ್ಪಿಗೆಯ ವಿಷಯಕ್ಕೆ ಮಗು ಎಂದರೆ 13 ತುಂಬದವರು. ಭಾರತದ 2023ರ ಕಾಯ್ದೆಯಲ್ಲಿ 18 ತುಂಬದವರು. ಅದು ಪೂರ್ತಿ ಜಾರಿಯಾದ ಮೇಲೆ ನನ್ನ ಹದಿನಾಲ್ಕರ ಮಗಳು ದೇವನಹಳ್ಳಿಯಲ್ಲಿ ವಿಮಾನ ಇಳಿಯುತ್ತಲೇ ಮತ್ತೆ ಮಗುವಾಗುತ್ತಾಳೆ, ಅಜ್ಜಿಗೆ ಸಂತೋಷವೇ.

ತಮ್ಮ ಕಾನೂನು ಜ್ಞಾನವಂತೂ ಅಗಾಧ. 1903ರಲ್ಲಿ ಇದೇ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ನ್ಯಾಯಪೀಠ, ಮೊಹೋರಿ ಬೀಬಿ ಪ್ರಕರಣದಲ್ಲಿ, ಭಾರತದ ಕಾನೂನಿನಡಿ ಅಪ್ರಾಪ್ತ ವಯಸ್ಕನ ಕರಾರು ಮೂಲದಲ್ಲೇ ಶೂನ್ಯ ಎಂದಿತು. ತಾವು ಅದಕ್ಕೂ ಮದ್ದು ಅರೆದಿರಿ: ಕರಾರು ಮಗುವಿನದಲ್ಲ, ನನ್ನದು! ನನ್ನ ಹೆಸರಿನಲ್ಲಿ ಒಪ್ಪಿಗೆ ಬಿದ್ದದ್ದು ಆಟಕ್ಕೆ. ಆ ಒಪ್ಪಿಗೆಯನ್ನು ತಾವು ಖರೀದಿಗೆ, ಅಪರಿಚಿತರೊಡನೆ ಹರಟೆಗೆ, ಮುಂದೆ ತಾವೇ ಬರೆಯಲಿರುವ ಷರತ್ತುಗಳಿಗೂ ಹಿಗ್ಗಿಸಿದಿರಿ. ಹಂಪಿಯ ಬೀದಿಯಲ್ಲಿ ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ. ಆಟದೊಳಗಿನ ತಮ್ಮ ಅಂಗಡಿಯಲ್ಲೂ ರತ್ನದ ರಾಶಿಯೇ, ಆದರೆ ಬೇಕಾದಷ್ಟು ಕೊಡುವುದಿಲ್ಲ. ಮಗನಿಗೆ ಬೇಕಾದ ಟೋಪಿಗೆ ಸ್ವಲ್ಪ ಸಾಲದ ಕಟ್ಟು ಒಂದು, ಬಹಳ ಮಿಗುವ ಕಟ್ಟು ಇನ್ನೊಂದು. ಅವನು ಅಲ್ಲಿ ಸುರಿದ ಪೌಂಡು ಮರಳಿಸಿ ಎಂದು ಬೇಡಿದಾಗ ‘ಖಾತೆಯ ಹೊಣೆ ಪೋಷಕರದು’ ಎಂಬ ಉಪದೇಶ ದೊರೆಯಿತು. ಧನ್ಯಳಾದೆ.

ತಮ್ಮಂಥ ಚೌಕದ ಬೆಲೆ ಎಷ್ಟೆಂದು ಅಮೆರಿಕದವರಿಗೆ ಗೊತ್ತು. ಹೆತ್ತವರ ಒಪ್ಪಿಗೆಯಿಲ್ಲದೆ 13 ತುಂಬದ ಮಕ್ಕಳ ಮಾಹಿತಿ ಕಲೆಹಾಕಿದ ಆರೋಪಕ್ಕೆ, ‘ಫೋರ್ಟ್‌ನೈಟ್’ ತಯಾರಿಸುವ ಎಪಿಕ್ ಗೇಮ್ಸ್ 2022ರ ಡಿಸೆಂಬರಿನಲ್ಲಿ 27.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಬೇಡದ ಖರೀದಿಗೆ ಜನರನ್ನು ಎಳೆದ ಆರೋಪಕ್ಕೆ ಇನ್ನೂ 24.5 ಕೋಟಿ ಡಾಲರ್ ಮರುಪಾವತಿ.

ಒಂದೇ ಒಂದು ಕೋರಿಕೆ. ಒಪ್ಪಿಗೆ ಕೊಡಲು ಒಂದು ಬೆರಳು ಸಾಕಿತ್ತು. ಹಿಂತೆಗೆದುಕೊಳ್ಳಲು ಹೊರಟರೆ ಪಾಸ್‌ಪೋರ್ಟ್ ಕೇಳುತ್ತೀರಿ. ಮಗನೇ ‘ನಾನು ಅಮ್ಮ’ ಎಂದಾಗ ನಂಬಿದ ತಾವು, ಅಮ್ಮನೇ ‘ನಾನು ಅಮ್ಮ’ ಎಂದರೆ ಯಾಕೋ ನಂಬುತ್ತಿಲ್ಲ. ಪಾಸ್‌ಪೋರ್ಟಿನ ನಕಲು ಲಗತ್ತಿಸಿದ್ದೇನೆ. ತೃಪ್ತಿಯಾಗದಿದ್ದರೆ ಹೆರಿಗೆಯ ಕಾಗದಗಳೂ ಇವೆ.

ಇಂತಿ ತಮ್ಮ ವಿಧೇಯ,
ಹೊಣೆಗಾರ ಪೋಷಕಿ

ತಾ.ಕ.: ಉತ್ತರವನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಿ. ತಮ್ಮ ದಾಖಲೆಯಲ್ಲಿರುವ ನನ್ನ ಇಮೇಲಿನ ಪಾಸ್‌ವರ್ಡ್ ಮಗನಿಗೆ ಮಾತ್ರ ಗೊತ್ತು.