ನಂದಿಯ ಕೊಂಬಿನ ನಡುವೆ ಒಂಟೆ

ನನ್ನ ಏಕಾಗ್ರತೆ ಬೇಸಿಗೆಯ ನಲ್ಲಿ ನೀರಿನ ಹಾಗೆ. ಬರುತ್ತೆ, ಯಾವಾಗ ಅಂತ ಹೇಳೋಕಾಗಲ್ಲ. ಮಾಸ್ತಿಯವರು ಬಾಳಿದ ಗವಿಪುರಂನಲ್ಲಿ ಮನೆ ಇದೆ ಅನ್ನೋ ಹೆಮ್ಮೆಗೆ, ಅವರಿಗೆ 1983ರ ಜ್ಞಾನಪೀಠ ತಂದ 'ಚಿಕವೀರ ರಾಜೇಂದ್ರ' ಹಿಡಿದು ಎರಡು ವರ್ಷವಾಯಿತು. ಹನ್ನೊಂದನೇ ಪುಟದಲ್ಲಿದ್ದೇನೆ. 1834ರಲ್ಲೇ ಬ್ರಿಟಿಷರ ಕೈ ಸೇರಿದ ಕೊಡಗು ನನ್ನ ಪ್ರತಿಯಲ್ಲಿ ಇನ್ನೂ ಸ್ವತಂತ್ರವಾಗಿದೆ. ನಗಬೇಡಿ, ನಿಮ್ಮ ದಿಂಬಿನ ಪಕ್ಕದ ಪುಸ್ತಕ ಎಷ್ಟನೇ ಪುಟದಲ್ಲಿದೆ ಹೇಳಿ ನೋಡೋಣ.

ಮೊನ್ನೆ ಸಂಕ್ರಾಂತಿ ಬೆಳಿಗ್ಗೆ, "ರೀ, ಹುಗ್ಗಿ ತಳ ಹತ್ತದ ಹಾಗೆ ತಿರುವುತ್ತಿರಿ, ಐದು ನಿಮಿಷ" ಅಂತ ಇವಳು ಸ್ನಾನಕ್ಕೆ ಹೋದಳು. ಬಲಗೈಲಿ ಸೌಟು, ಎಡಗೈಲಿ ಫೋನು. ಪುಣ್ಯಕಾಲ ಎಷ್ಟು ಹೊತ್ತಿಗೆ ಅಂತ ನೋಡೋಕೆ ತೆಗೆದೆ, ಅಷ್ಟೇ. ಪುಣ್ಯಕಾಲದಿಂದ ಗಾಳಿಪಟ, ಗಾಳಿಪಟದಿಂದ ರಾಜಸ್ಥಾನ, ಅಲ್ಲಿಂದ ಬಿಕಾನೇರ್‌ನಲ್ಲಿ ಒಂಟೆಯ ಕೂದಲು ಕತ್ತರಿಸಿ ಮೈತುಂಬ ಚಿತ್ತಾರ ಬಿಡಿಸುವ ಕಲಾವಿದ! ಎಡಮಗ್ಗುಲು ಮುಗಿಯೋ ಹೊತ್ತಿಗೆ ಸೀದ ವಾಸನೆ. ಪಾಪ, ಒಂಟೆಗೇನೋ ಆಯ್ತು ಅಂದುಕೊಂಡೆ. ಸೌಟು ಮಾತ್ರ ಶ್ರದ್ಧೆಯಿಂದ ತಿರುಗುತ್ತಲೇ ಇತ್ತು, ಪಾತ್ರೆಯಿಂದ ಒಂದು ಗೇಣು ಆಚೆ, ಬರೀ ಗಾಳಿಯಲ್ಲಿ.

ಶಿಕ್ಷೆಯಾಗಿ ಗಾಂಧಿ ಬಜಾರಿನಿಂದ ಕಬ್ಬು ತರೋಕೆ ಹೊರಟೆ. ವಾಪಸ್ ಬರುವಾಗ ಹೆಗಲ ಮೇಲೆ ಜಲ್ಲೆ, ಕಣ್ಣು ಫೋನಲ್ಲಿ. ಮನೆ ದಾರಿ ಕಾಲಿಗೇ ಗೊತ್ತಲ್ಲ? ಗೇಟು ತೆರೆದೆ, ಚಪ್ಪಲಿ ಬಿಟ್ಟೆ, ಜಲ್ಲೆ ಮೂಲೆಗೆ ಒರಗಿಸಿ ಕುರ್ಚಿಯಲ್ಲಿ ಕೂತು, "ಒಂದು ಲೋಟ ಕಾಫಿ ಕೊಡೇ" ಅಂದೆ. ಕಾಫಿ ಬಂತು. ಅರ್ಧ ಕುಡಿದೂ ಆಯಿತು. "ಸಕ್ಕರೆ ಸಾಕಾ ಅಂಕಲ್?" ಎಂದಾಗಲೇ ತಲೆ ಎತ್ತಿದ್ದು. ಹಿಂದಿನ ಬೀದಿಯ ಮನೆ! ಆ ಪುಣ್ಯಾತ್ಮೆ ಏನೂ ನಡೆದೇ ಇಲ್ಲ ಎಂಬಂತೆ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಕೊಟ್ಟು ಕಳಿಸಿದರು. ಜಲ್ಲೆ ಅಲ್ಲೇ ಉಳಿಯಿತು. ಇಸ್ಕೊಂಡು ಬರೋಕೆ ಮುಖ ಎಲ್ಲಿದೆ?

ಸಂಜೆಯಾದರೂ ಮಾನ ಉಳಿಸಿಕೊಳ್ಳೋಣ ಅಂತ ಗವಿ ಗಂಗಾಧರೇಶ್ವರನ ಗುಡಿಗೆ ಹೋದೆ. ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗ ಮುಟ್ಟುವ ದಿನ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನದ ಕಲ್ಲುಕಂಬಗಳು, ಕಾಲಿಡಲು ಜಾಗವಿಲ್ಲದ ಜನ, ಎಲ್ಲರಿಗೂ ಕಾಣಲೆಂದು ಆಳೆತ್ತರದ ಪರದೆ. ಕಾಯುತ್ತಾ ಗ್ಲೋರಿಯಾ ಮಾರ್ಕ್ ಎಂಬ ಅಮೆರಿಕದ ಸಂಶೋಧಕಿಯ ಬಗ್ಗೆ ಓದಿದೆ. ಜನ ಒಂದು ಪರದೆಯ ಮೇಲೆ ಕಣ್ಣು ನಿಲ್ಲಿಸುತ್ತಿದ್ದುದು 2004ರಲ್ಲಿ ಸರಾಸರಿ ಎರಡೂವರೆ ನಿಮಿಷವಂತೆ, ಈಚೆಗೆ 47 ಸೆಕೆಂಡಂತೆ. ಯಾಕೆ ಅನ್ನೋದು ಮುಂದಿನ ಪ್ಯಾರಾದಲ್ಲಿತ್ತು. ಅಲ್ಲಿಗೆ ನಾನು ತಲುಪಲಿಲ್ಲ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಷಡ್ಡಕರಿಂದ ಮೆಸೇಜು: "ನಿಮ್ಮ ಗವಿಪುರಂ ಲೈವ್ ಬರ್ತಿದೆ, ನೋಡಿ!" ಒತ್ತಿದೆ. ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು. ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಫೋನು ಎದೆಗವಚಿ, ಉಸಿರು ಬಿಗಿಹಿಡಿದು ನಿಂತೆ. ಸುತ್ತಲೂ ಗಂಟೆ, ಜಯಕಾರ. ಚಕ್ರ ನಿಂತು ಮಹಾಮಂಗಳಾರತಿ ಕಂಡಾಗ ಕತ್ತೆತ್ತಿದೆ. ಎದುರಿನ ಪರದೆಯಲ್ಲೂ ಅದೇ. ಬಿಸಿಲು ಬಂದು, ಹೋಗಿ ಆಗಿತ್ತು.

ಪಕ್ಕದ ಹಿರಿಯರೊಬ್ಬರು ಒದ್ದೆಗಣ್ಣಲ್ಲಿ ನನ್ನ ಕೈ ಹಿಡಿದರು. "ಇಷ್ಟು ಗದ್ದಲದಲ್ಲೂ ಅಲುಗಲಿಲ್ಲವಲ್ಲ ಸ್ವಾಮಿ, ಎಂಥಾ ಧ್ಯಾನ ನಿಮ್ಮದು! ಭಾನುವಾರ ನಮ್ಮ ಮೊಮ್ಮಕ್ಕಳಿಗೆ ಏಕಾಗ್ರತೆ ಬಗ್ಗೆ ನಾಲ್ಕು ಮಾತು ಹೇಳಬೇಕು." ಒಪ್ಪಿಕೊಂಡೆ. ಇನ್ನೇನು ಮಾಡಲಿ?

ನವೆಂಬರ್ ಕೊನೆಯಲ್ಲೂ ಹೀಗೇ ಬಿಸಿಲು ಲಿಂಗದ ಮೇಲೆ ಬೀಳುತ್ತಂತೆ. ಈ ಸಲ ತಪ್ಪಿಸಬಾರದು ಅಂತ ಅಲಾರಂ ಇಡಲು ರಾತ್ರಿ ಎಂಟಕ್ಕೆ ಫೋನ್ ತೆಗೆದೆ. ಈಗ ಹನ್ನೊಂದೂವರೆ. ಒಂಟೆಯ ಬಲಮಗ್ಗುಲು ಸಿಕ್ಕಿದೆ.