ಇಡುಗಂಟು ಮೀಮಾಂಸೆ, ಅರ್ಥಾತ್ ದತ್ತಿಪೀಠ ಪ್ರಕರಣ

ಪ್ರಾಧ್ಯಾಪಕರಲ್ಲಿ ಎರಡು ಜಾತಿ: ಸರ್ಕಾರದ ಸಂಬಳದ ಮೇಲೆ ಬದುಕುವವರು, ಸತ್ತವರ ಬಡ್ಡಿಯ ಮೇಲೆ ಬದುಕುವವರು. ಮೊದಲನೆಯವರ ವಿಚಾರವನ್ನು ವೇತನ ಆಯೋಗಗಳು ಸಂಪುಟಗಟ್ಟಲೆ ಬರೆದು ಮುಗಿಸಿರುವುದರಿಂದ ಪ್ರಸ್ತುತ ಪ್ರಬಂಧ ಎರಡನೆಯವರಿಗೇ ಮೀಸಲು.

ಮೊದಲು ಲಕ್ಷಣ. ದಾನಿ ಕೊಟ್ಟ ಹಣದಲ್ಲಿ ಯಾವುದನ್ನು ಮುಟ್ಟಬಾರದೋ ಅದು ಇಡುಗಂಟು. ಯಾವುದನ್ನು ಮುಟ್ಟಬಹುದೋ ಅದು ಬಡ್ಡಿ. ಮುಟ್ಟಬಹುದಾದದ್ದನ್ನೂ ಮುಟ್ಟಗೊಡದವನು ಹಣಕಾಸು ಅಧಿಕಾರಿ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲವೇ? ಸಲ್ಲದು. ತಿಳಿಯದಿದ್ದರೆ ಕಲ್ಲು ಕೆತ್ತಿಸುವವರು ಯಾರು? ಪ್ರಮಾಣ ಬೇಕಿದ್ದವರು ವಿಜಯಪುರ ಜಿಲ್ಲೆಯ ಸಾಲೋಟಗಿಗೆ ಹೋಗಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಸಂದ ದತ್ತಿಗಳು 945ರ ಶಾಸನದಲ್ಲಿವೆ. ಗುರುವಿಗೆ 50 ನಿವರ್ತನ ಭೂಮಿ, ವಿದ್ಯಾರ್ಥಿಗಳಿಗೆ 27 ಮನೆ. ಊರವರ ಪಾಲು ಬೇರೆ: ಮದುವೆಯಾದರೆ ಐದು ನಾಣ್ಯ, ಮುಂಜಿಗೆ ಅದರರ್ಧ, ಚೌಲಕ್ಕೆ ಒಂದೂವರೆ. ಬ್ರಹ್ಮಚಾರಿಗಳ ಶಾಲೆಗೆ ಗೃಹಸ್ಥಾಶ್ರಮವೇ ಬಂಡವಾಳ! ಊರಲ್ಲಿ ಓಲಗ ಊದಿದಾಗಲೆಲ್ಲ ಗುರುಗಳ ಕಿವಿ ನೆಟ್ಟಗಾಗುತ್ತಿತ್ತೆಂದು ಶಾಸನ ಹೇಳುವುದಿಲ್ಲ, ಸಂಶೋಧಕರು ಊಹಿಸಬೇಕು.

ಇನ್ನು ಷರತ್ತು. ಷರತ್ತಿಲ್ಲದ ದತ್ತಿ ಉಪ್ಪಿಲ್ಲದ ಸಾರು. ಆದರೆ ದತ್ತಿಯಿಂದ ನಡೆಯುವ ಪ್ರಾಧ್ಯಾಪಕ ಪೀಠದ ಕೀರ್ತಿಯೆಲ್ಲ ಷರತ್ತು ಸಡಿಲಿದ ಕಡೆಯೇ ಹುಟ್ಟಿರುವುದನ್ನು ವಿದ್ವಾಂಸರು ಏಕೋ ಗಮನಿಸಿಲ್ಲ. ಕೇಂಬ್ರಿಜ್‌ನಲ್ಲಿ ಹೆನ್ರಿ ಲೂಕಸ್ 1663ರಲ್ಲಿ ಉಯಿಲು ಬರೆದು, ವರ್ಷಕ್ಕೆ ನೂರು ಪೌಂಡ್ ಹುಟ್ಟುವಷ್ಟು ಜಮೀನು ಕೊಂಡು ಗಣಿತಕ್ಕೊಂದು ಪೀಠ ಮಾಡಿ ಎಂದ. 1669ರಲ್ಲಿ ಅದನ್ನೇರಿದವನು ನ್ಯೂಟನ್. ಕಾಲೇಜಿನ ನಿಯಮದ ಪ್ರಕಾರ ಅವನು ಪಾದ್ರಿ ದೀಕ್ಷೆ ತೊಡಬೇಕಿತ್ತು. 1675ರಲ್ಲಿ ಅರಸನೇ ಈ ಪೀಠಕ್ಕೆ ವಿನಾಯಿತಿ ಕೊಟ್ಟ.

ಕಲ್ಕತ್ತೆಯದು ಇನ್ನೂ ರುಚಿಯಾದ ಪ್ರಕರಣ. ಬ್ಯಾರಿಸ್ಟರ್ ತಾರಕನಾಥ ಪಾಲಿತರು ವಿಜ್ಞಾನಕ್ಕೆಂದು ಕೊಟ್ಟ ಹಣಕ್ಕೆ ಎರಡು ಗಂಟು ಹಾಕಿದ್ದರು: ಪ್ರಾಧ್ಯಾಪಕ ಭಾರತೀಯನಾಗಿರಬೇಕು, ವಿದೇಶದಲ್ಲಿ ತರಬೇತಾಗಿರಬೇಕು. ಕುಲಪತಿ ಆಶುತೋಷ್ ಮುಖರ್ಜಿಯವರ ಕಣ್ಣಿಗೆ ಬಿದ್ದವರು ಸಿ.ವಿ. ರಾಮನ್. ಹಡಗು ಹತ್ತಲು ಅವರು ಸುತರಾಂ ಒಪ್ಪಲಿಲ್ಲ. ಎರಡನೆಯ ಗಂಟು ಬಿಚ್ಚಿತು. ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಸಂಬಳ ಬಿಟ್ಟು 1917ರಲ್ಲಿ ರಾಮನ್ ಚಿಕ್ಕ ಸಂಬಳದ ಪೀಠಕ್ಕೆ ಬಂದರು. ಹಣಕಾಸು ಇಲಾಖೆಯ ಕೈಯಿಂದ ವಿದ್ಯೆ ಏನನ್ನಾದರೂ ಬಿಡಿಸಿಕೊಂಡ ಅಪರೂಪದ ದೃಷ್ಟಾಂತವಿದು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಅವರು ಬೆಂಗಳೂರಿಗೆ ಬಂದದ್ದು ಇನ್ನೊಬ್ಬ ದಾನಿ ಟಾಟಾ ದತ್ತಿಯಿಂದ ಹುಟ್ಟಿದ ವಿಜ್ಞಾನ ಸಂಸ್ಥೆಗೇ.

ಅಲ್ಲಿಗೆ ಸಿದ್ಧಾಂತ: ಷರತ್ತನ್ನು ಕುಲಪತಿ ಬಗ್ಗಿಸಬಲ್ಲ, ಬಡ್ಡಿಯನ್ನು ಬ್ರಹ್ಮನೂ ಬಗ್ಗಿಸಲಾರ. ಅದು ತಾನಾಗಿ ಕುಗ್ಗುತ್ತದೆ. ಸಾಲೋಟಗಿಯವರೂ ಲೂಕಸನೂ ಜಾಣರು, ಜಮೀನು ನಂಬಿದರು. ನಮ್ಮ ದಾನಿಗಳು ಬ್ಯಾಂಕಿನ ಠೇವಣಿ ನಂಬಿದರು. ಅಂದು ಚಿನ್ನದ ಪದಕ ಹುಟ್ಟಿಸುತ್ತಿದ್ದ ಇಡುಗಂಟು ಇಂದು ಚಿನ್ನದ ನೀರು ಕುಡಿಸಿದ ಪದಕಕ್ಕೆ ಏದುಸಿರು ಬಿಡುತ್ತದೆ. ಪೀಠಕ್ಕೆ ಸಾಲದ ಹಣ ದತ್ತಿ ಉಪನ್ಯಾಸವಾಗುತ್ತದೆ. ಉಪನ್ಯಾಸಕ್ಕೂ ಸಾಲದಿದ್ದರೆ ಮೂರು ವರ್ಷದ ಬಡ್ಡಿ ಕೂಡಿಹಾಕಿ ಒಂದೇ ಮಧ್ಯಾಹ್ನ ಮೂರು ಉಪನ್ಯಾಸ ಮುಗಿಸುವುದು ಶಾಸ್ತ್ರಸಮ್ಮತ. ದಾನಿಯ ಪರಿಚಯಕ್ಕೆ ಮುಕ್ಕಾಲು ಗಂಟೆ, ವಿದ್ವಾಂಸರಿಗೆ ತಲಾ ಹತ್ತು ನಿಮಿಷ. ಮುಂದಿನ ಸಾಲಿನಲ್ಲಿ ದಾನಿಯ ಮೊಮ್ಮಕ್ಕಳು, ಹಿಂದೆ ಹಾಜರಾತಿಗೆ ಹೆದರಿ ಬಂದ ಎಂ.ಎ. ವಿದ್ಯಾರ್ಥಿಗಳು. ಶಾಲು ಮಾತ್ರ ಒಂದೇ. ಒಬ್ಬರಿಗೆ ಹೊದಿಸಿ, ಫೋಟೊ ತೆಗೆದು, ಮಡಿಚಿ, ಇನ್ನೊಬ್ಬರಿಗೆ ಹೊದಿಸಬೇಕು. ಇದಕ್ಕೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬಂದಿದೆ: ಫೋಟೊದಲ್ಲಿ ಶಾಲು ಮೂರಿದ್ದು, ರಸೀದಿ ಒಂದಕ್ಕೇ ಇರುವುದೇಕೆ?