ತೊಡೆಯ ಮೇಲಿನ ಆದಿತಾಳ

ಯುಗಾದಿಯ ಹೋಳಿಗೆ ಅರಗುವ ಮೊದಲೇ ಬೆಂಗಳೂರಿನ ಹಳೆಯ ಬಡಾವಣೆಗಳ ಗಂಡಸರಿಗೆ ಸಂಗೀತಜ್ಞಾನ ಉಕ್ಕಲು ಶುರುವಾಗುತ್ತದೆ. ಅವರಲ್ಲಿ ನಾನೂ ಒಬ್ಬ. ಬೀರುವಿನಿಂದ ಜರಿಪಂಚೆ ಇಳಿಯುತ್ತದೆ, ಹೆಗಲಿಗೆ ಶಲ್ಯ ಏರುತ್ತದೆ. ಸಂಜೆಯಾದರೆ ಸಾಕು, ನಾನು ಮನೆಯಲ್ಲಿ ಇರುವುದಿಲ್ಲ. ನನ್ನ ಹೆಂಡತಿಗೆ ರಾಮನವಮಿ ಎಂದರೆ ಅಷ್ಟೊಂದು ಭಕ್ತಿ ಯಾಕೆಂದು ನನಗೆ ಈಚೆಗಷ್ಟೇ ಹೊಳೆಯಿತು.

ಫೋರ್ಟ್ ಹೈಸ್ಕೂಲ್ ಮೈದಾನದ ಚಪ್ಪರದ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. 1939ರಲ್ಲಿ ಚಾಮರಾಜಪೇಟೆಯಲ್ಲಿ ಹುಟ್ಟಿದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಛೇರಿಗಳನ್ನು ಮೂರು ತಲೆಮಾರಿನವರು ಕೇಳಿದ್ದಾರೆ, ಬರೆದಿದ್ದಾರೆ, ಅಲ್ಲಿ ನಿದ್ದೆಯನ್ನೂ ಮಾಡಿದ್ದಾರೆ. ನನ್ನ ಚಟ ಬೇರೆ: ಮನೆ ಕಛೇರಿ. ಯಾರದೋ ಮನೆಯ ಹಾಲಿನಲ್ಲಿ ಸೋಫಾಗಳನ್ನೆಲ್ಲ ರೂಮಿಗೆ ತಳ್ಳಿ, ಜಮಖಾನ ಹಾಸಿ, ನಲವತ್ತು ಜನ ಒತ್ತರಿಸಿ ಕೂತು ಮೈಕಿಲ್ಲದೆ ಕೇಳುವ ಸಂಗೀತ. ಅಲ್ಲಿ ಮೃದಂಗದವರು ಎಡಮುಖಕ್ಕೆ ರವೆ ಕಲಸಿ ಮೆತ್ತುವುದು ಕಾಣುತ್ತದೆ. ಪುಟ್ಟ ಕಲ್ಲಿನಿಂದ ಅಂಚನ್ನು ಟಕ್ ಟಕ್ ಎಂದು ಕುಟ್ಟಿ ಶ್ರುತಿಗೆ ತರುವುದು ಕೇಳುತ್ತದೆ. ಗಾಯಕಿ ಮೇಲಿನ ಷಡ್ಜಕ್ಕೆ ಏರುವ ಮುನ್ನ ಎಳೆದುಕೊಳ್ಳುವ ಉಸಿರೂ ಕೇಳುತ್ತದೆ.

ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ದನಿ ಮುಟ್ಟಿಸುವುದಕ್ಕೆಂದೇ ಮೈಸೂರು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಅವರ ಹೆಸರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಸಭಾಂಗಣ ಎದ್ದಿತು. ಅಲ್ಲೀಗ ಸಾವಿರಕ್ಕೂ ಹೆಚ್ಚು ಕುರ್ಚಿ, ಜೊತೆಗೆ ಮೈಕು. ಮನೆ ಕಛೇರಿಗೆ ಮಾತ್ರ ನಾಲ್ಕೇ ತಂತಿ ಧಾರಾಳವಾಗಿ ಸಾಕು.

ನನ್ನ ಜ್ಞಾನದ ಮಟ್ಟವನ್ನೂ ಹೇಳಿಬಿಡುತ್ತೇನೆ. ಕಲ್ಯಾಣಿಗೂ ಶಂಕರಾಭರಣಕ್ಕೂ ಇರುವುದು ಒಂದೇ ಒಂದು ಮಧ್ಯಮದ ವ್ಯತ್ಯಾಸ. ಇಷ್ಟು ಸಣ್ಣ ವಿಷಯಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ಪಕ್ಕದವರು ‘ಭಲೆ’ ಎಂದ ಅರೆಕ್ಷಣದ ಮೇಲೆ, ಅವರಿಗಿಂತ ಒಂದು ಸುತ್ತು ಹೆಚ್ಚಾಗಿ ತಲೆ ತೂಗುತ್ತೇನೆ. ಇದರಿಂದಾಗಿ ಎರಡು ಬಡಾವಣೆಗಳಲ್ಲಿ ನನಗೆ ‘ರಸಿಕರು’ ಎಂಬ ಹೆಸರಿದೆ.

ಆವತ್ತು ಬಸವನಗುಡಿಯ ಒಂದು ಮನೆ. ನನ್ನ ಎಡಕ್ಕೆ ಒಬ್ಬರು ಹಿರಿಯರು: ಹಣೆಯಲ್ಲಿ ಅಕ್ಷತೆ, ಬಲಗೈಯಲ್ಲಿ ನವರತ್ನದ ಉಂಗುರ. ಎಂಥ ಇಕ್ಕಟ್ಟೆಂದರೆ, ಅವರ ತೊಡೆ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗುತ್ತದೆಂದು ಸರ್ವೆಯವರೇ ಬಂದು ಚೈನು ಹಿಡಿದು ಹೇಳಬೇಕಿತ್ತು. ವರ್ಣ ಮುಗಿಯಿತು, ಕೃತಿಗಳು ಬಂದವು, ಹೋದವು. ಪಲ್ಲವಿ ಶುರುವಾಯಿತು. ಎರಡು ಕಳೆಯ ಆದಿತಾಳ. ಹಿರಿಯರು ಕಣ್ಣು ಮುಚ್ಚಿದರು, ಬಲಗೈ ಎತ್ತಿದರು, ನನ್ನ ತೊಡೆಯ ಮೇಲೆ ಇಳಿಸಿದರು.

ಮೊದಲ ಪೆಟ್ಟಿಗೆ, ಪರಿಚಯದವರಿರಬೇಕು, ಮಾತಾಡಿಸುತ್ತಿದ್ದಾರೆ ಎಂದುಕೊಂಡು ನಕ್ಕೆ. ಎರಡನೆಯ ಪೆಟ್ಟು ಬಿತ್ತು. ಆಮೇಲೆ ಕಿರುಬೆರಳು ಎರಡು ಸಲ, ಉಂಗುರದ ಬೆರಳು ಎರಡು ಸಲ, ನಡುಬೆರಳು ಎರಡು ಸಲ. ಲಘು ಮುಗಿದು ದ್ರುತಕ್ಕೆ ಬಂದಾಗ ನನಗೆ ವಿಷಯ ಅರ್ಥವಾಯಿತು. ಒಂದು ದ್ರುತಕ್ಕೆ ಒಂದು ಪೆಟ್ಟು, ಒಂದು ಹುಸಿ. ಪೆಟ್ಟನ್ನಾದರೂ ತಡೆದುಕೊಳ್ಳಬಹುದು. ಹುಸಿಯಲ್ಲಿ ಅಂಗೈ ಮಗುಚಿ ಬೀಳುತ್ತದೆ, ಉಂಗುರದ ಹರಳು ಸೀದಾ ಮಂಡಿಚಿಪ್ಪಿಗೆ. ಆದಿತಾಳದಲ್ಲಿ ದ್ರುತಗಳು ಎರಡು.

ಕಾಲು ಎಳೆದುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡು ಒಂದಂಗುಲ ಸರಿಸಿದೆ. ಅಷ್ಟರಲ್ಲಿ ತನಿ ಆವರ್ತನ ಶುರುವಾಗಿ ಮೃದಂಗದ ಯುವಕ ಲೆಕ್ಕಾಚಾರಕ್ಕಿಳಿದಿದ್ದ. ಗಾಯಕಿಯೇನೋ ತಾಳ ಹಾಕುತ್ತಿದ್ದರು, ಆದರೆ ಅವನ ಕಣ್ಣು ನೆಟ್ಟಿದ್ದು ಈ ಹಿರಿಯರ ಕೈಯ ಮೇಲೆ, ಅಂದರೆ ನನ್ನ ತೊಡೆಯ ಮೇಲೆ. ಕೈ ಒಮ್ಮೆ ಜಮಖಾನಕ್ಕೆ ಬಿದ್ದರೆ ಹಿರಿಯರು ಬೆಚ್ಚುತ್ತಾರೆ, ಹುಡುಗ ತಡವರಿಸುತ್ತಾನೆ, ನಲವತ್ತು ಜನರೆದುರು ಅವನ ತೀರ್ಮಾನ ಸಮಕ್ಕೆ ಬರದೆ ಹೋಗುತ್ತದೆ. ಸರಿಸಿದ ಒಂದಂಗುಲವನ್ನು ವಾಪಸು ತಂದೆ. ಆಗ ಕಾಲಿಗೆ ಜೋಮು ಹಿಡಿಯಿತು. ಹುಡುಗ ತಿಶ್ರ ನಡೆಗೆ ಹೊರಳಿದ. ಪೆಟ್ಟಿನ ಒಳಗೆ ಮೂರು ಮೂರಾಗಿ ಜೋಮೂ ನಡೆಯತೊಡಗಿತು. ಮನೆಯಾಕೆ ಪಾನಕದ ಲೋಟ ತಂದರು. ಹಿರಿಯರು ಎಡಗೈಯಲ್ಲಿ ಈಸಿಕೊಂಡು ಕುಡಿದರು, ಬಲಗೈ ಒಂದಕ್ಷರವೂ ತಪ್ಪಲಿಲ್ಲ.

ನಾಚಿಕೆ ಬಿಟ್ಟು ಹೇಳುವುದಾದರೆ, ಆಮೇಲಾಮೇಲೆ ನನಗೆ ಖುಷಿಯೇ ಆಯಿತು. ಇಷ್ಟು ವರ್ಷ ತನಿಯೆಂದರೆ ನನಗೆ ಮಳೆಗಾಲದ ತಗಡಿನ ಸೂರು. ಈಗ ಹುಡುಗ ಎಲ್ಲಿಂದೆಲ್ಲಿಗೋ ಹಾರಿ ಸಮಕ್ಕೆ ಬಂದು ಇಳಿಯುವುದು ನನ್ನದೇ ಮೈಮೇಲೆ ತಿಳಿಯುತ್ತಿತ್ತು. ಘಟದವರು ಕೊರಪ್ಪಿನಲ್ಲಿ ಪಾಲು ಕೇಳಿದರು. ಮೃದಂಗ ಇಷ್ಟುದ್ದ, ಘಟ ಇಷ್ಟುದ್ದ, ಮತ್ತೆ ಅದರ ಅರ್ಧ, ಅದರ ಅರ್ಧ. ಜೀವನದಲ್ಲಿ ಮೊದಲ ಸಲ ‘ಭಲೆ’ಯನ್ನು ಪಕ್ಕದವರಿಗಿಂತ ಮುಂಚೆ ಅಂದೆ.

ಅಂದವನು ತಿರುಗಿ ನೋಡಿದರೆ ಹಿಂದಿನ ಸಾಲು ಅರ್ಧ ಖಾಲಿ. ಬಾಗಿಲಲ್ಲಿ ಚಪ್ಪಲಿ ಹುಡುಕುವ ಸದ್ದು, ಅಡುಗೆಮನೆಯ ಕಡೆ ಕೋಸಂಬರಿಯ ವಿಚಾರಣೆ. ನನಗೆ ನಿಜವಾಗಿ ಸಿಟ್ಟು ಬಂತು. ಇಡೀ ಸಂಜೆ ಬೇರೆಯವರ ಹಾಡಿಗೆ ಒದಗಿದ ಘಟದವರಿಗೆ ತಮ್ಮದೆನ್ನಲು ಸಿಗುವುದು ಈ ಕೆಲವು ನಿಮಿಷ. ಮಣ್ಣಿನ ಮಡಕೆಯನ್ನು ಬೆರಳುಗಳಲ್ಲಿ ನುಡಿಸುವುದಕ್ಕೆ ಆಯಸ್ಸಿನ ಅರ್ಧ ಹೋಗಿರುತ್ತದೆ. ಆ ಹೊತ್ತಿಗೇ ಸರಿಯಾಗಿ ನಮ್ಮ ಜನಕ್ಕೆ ಮೂತ್ರಕೋಶ ನೆನಪಾಗಬೇಕೆ? ಘಟದ ಆ ಮಹಿಳೆ ಎದ್ದುಹೋಗುವವರ ಬೆನ್ನನ್ನು ನೋಡುತ್ತಲೇ ನುಡಿಸುತ್ತಿದ್ದರು. ಮುಖದಲ್ಲಿ ಬೇಸರವೂ ಇರಲಿಲ್ಲ, ಅಷ್ಟು ಅಭ್ಯಾಸವಾಗಿರಬೇಕು. ಹಿಂದಿನ ವರ್ಷದವರೆಗೆ ಆ ಬೆನ್ನುಗಳಲ್ಲಿ ನನ್ನದೂ ಒಂದಿರುತ್ತಿತ್ತು. ಈ ಸಲ ಏಳದೆ ಕೂತದ್ದು ಸಭ್ಯತೆಯಿಂದಲ್ಲ, ತೊಡೆ ಬೇರೆಯವರ ವಶದಲ್ಲಿತ್ತು.

ಕೊನೆಯ ಮೋರಾ ಬಂತು. ಹಿರಿಯರು ಮೂರನೆಯ ಸುತ್ತಿನ ಸಮಕ್ಕೆ ಕೈಯನ್ನು ಭುಜದೆತ್ತರಕ್ಕೆ ಒಯ್ದು ಇಳಿಸಿದರು. ನನ್ನ ಬಾಯಿಂದ ಹೊರಟ ಸದ್ದನ್ನು ಎಲ್ಲರೂ ಮೆಚ್ಚುಗೆ ಎಂದುಕೊಂಡರು, ಗಾಯಕಿ ನನಗೆ ಕೈಮುಗಿದರು. ಹಿರಿಯರು ಕಣ್ಣು ಬಿಟ್ಟು ನನ್ನನ್ನು ನೋಡಿದರು.

“ಸ್ವಾಮಿ, ನಿಮಗೆ ಕಾಲು ಅಲ್ಲಾಡಿಸೋ ಅಭ್ಯಾಸ ಇದೆ. ಪಕ್ಕದವರ ತಾಳಕ್ಕೆ ತೊಂದರೆ ಆಗುತ್ತೆ.”

ಮುಂದಿನ ಕಛೇರಿಗೆ ಅರ್ಧ ಗಂಟೆ ಮೊದಲೇ ಹೋಗಿ ಅವರನ್ನು ಹುಡುಕಿದೆ. ಇದ್ದರು. ಆದರೆ ಬಲಗಡೆಯ ಜಾಗದಲ್ಲಿ ಜೀನ್ಸ್ ತೊಟ್ಟ ದುಂಡನೆಯ ಯುವಕನೊಬ್ಬ ಆಗಲೇ ಚಕ್ಕಂಬಕ್ಕಳ ಹಾಕಿದ್ದ. ತೊಡೆಯೇನೋ ನನ್ನದಕ್ಕಿಂತ ವಿಶಾಲ. ಆದರೆ ಅಷ್ಟು ದಪ್ಪ ಬಟ್ಟೆಯ ಮೇಲೆ ಕಿರುಬೆರಳಿಗೂ ಉಂಗುರದ ಬೆರಳಿಗೂ ವ್ಯತ್ಯಾಸ ಅವನಿಗೇನು ತಿಳಿದೀತು? ವರ್ಣ ಮುಗಿಯುವವರೆಗೂ ನನಗೆ ಹೊಟ್ಟೆ ಉರಿಯುತ್ತಲೇ ಇತ್ತು.